ಸುರಗಿ ಮರದ ಹಸಿರು ಬಳೆ

ಯಾರ ಮನೆಗೆ ಹೋದರೂ ಅಕ್ಕೋರು ಮೊದಲು ನೋಡುತ್ತಿದ್ದುದು ಬಾಗಿಲನ್ನು. ಕಾಲು ತೊಳೆದು ಒಳಗೆ ಬಂದವರು ಹಾಸಿದ ಚಾಪೆಯ ಮೇಲೆ ಕೂರುವುದು ಬಿಟ್ಟು, ಕದವನ್ನೊಮ್ಮೆ ತಳ್ಳಿ, ಒಮ್ಮೆ ಎಳೆದು, ಅಗಳಿ ಎತ್ತಿ ಬಿಟ್ಟು, ಅದು ಎಷ್ಟು ಸದ್ದು ಮಾಡುತ್ತದೆ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಮನೆಯವರ ಯೋಗಕ್ಷೇಮ ಆಮೇಲೆ. ಶಿರಸಿಯ ಹೆಂಗಸರು "ಆ ಅಕ್ಕೋರಿಗೆ ಬಾಗಿಲ ಹುಚ್ಚು" ಎಂದು ಆಡಿಕೊಳ್ಳುತ್ತಿದ್ದರು. ಅದು ಹುಚ್ಚಲ್ಲ, ಅವರ ಎರಡನೆಯ ಕಸುಬು ಎಂದು ಆಗ ಊರಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೋದ ತಿಂಗಳು ಅವರು ತೀರಿಕೊಂಡರು. ಇನ್ನು ಬಾಯಿ ಕಟ್ಟಿಕೊಂಡಿರುವ ಅಗತ್ಯ ನನಗಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ವರ್ಷ ನಾನು ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ಅವರು ದೊಡ್ಡಕ್ಕೋರು, ನಾನು ಸಣ್ಣಕ್ಕೋರು. ಬಾಡಿಗೆಗೆ ಹಿಡಿದ ಅರ್ಧ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಇದ್ದೆವು. ಅವರಿಗೆ ಆಗಲೇ ನಲವತ್ತು ದಾಟಿತ್ತು. ಒಣಕಲು ಮೈ, ಚೂಪು ಮೂಗು, ನಕ್ಕರೆ ಎಲ್ಲಿ ಸಾಲ ಕೇಳುತ್ತಾರೋ ಎಂಬಂತೆ ಬಿಗಿದ ತುಟಿ. ಉಡುತ್ತಿದ್ದದ್ದು ಬಣ್ಣದ ಸೀರೆ, ಆದರೆ ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ. ಎಡಗೈಗೆ ಗಂಡಸರ ಗಡಿಯಾರ. ಸೀರೆ ನೋಡಿದವರು ಮುತ್ತೈದೆ ಎಂದುಕೊಳ್ಳಬೇಕು, ಕೈ ನೋಡಿದವರು ವಿಧವೆ ಎಂದುಕೊಳ್ಳಬೇಕು. ಅರಿಶಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ತಿಳಿಯದೆ ನಮ್ಮ ಓಣಿಯ ಹೆಂಗಸರು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ ನನ್ನನ್ನು ಕರೆದು, ಅವರ ಪಾಲಿನ ಕೋಸಂಬರಿಯನ್ನು ನನ್ನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದರು. ಅಕ್ಕೋರು ಕೋಸಂಬರಿ ತಿಂದು, "ಉಪ್ಪು ಕಮ್ಮಿ" ಎನ್ನುತ್ತಿದ್ದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗಿದ್ದ ಹೆಸರುಗಳಲ್ಲಿ ಒಂದೂ ಅವರು ಆರಿಸಿಕೊಂಡದ್ದಲ್ಲ. ಹುಟ್ಟಿದಾಗಿನದು ಅಪ್ಪ ಇಟ್ಟದ್ದು, ಮದುವೆಯಲ್ಲಿ ಅದನ್ನು ಗಂಡನ ಮನೆಯವರು ಬದಲಿಸಿದರು, ಪುಸ್ತಕದ ಮೇಲಿನ ಗಂಡಸಿನ ಹೆಸರು ಹುಬ್ಬಳ್ಳಿಯ ಪ್ರಕಾಶಕ ಕೊಟ್ಟದ್ದು. ಅಕ್ಕೋರು ಎನ್ನುವುದೊಂದನ್ನೇ ಅವರು ದುಡಿದು ಗಳಿಸಿದ್ದು, ಅದೇ ಸಾಕು.

ಹೌದು, ಅಕ್ಕೋರು ಕಾದಂಬರಿ ಬರೆಯುತ್ತಿದ್ದರು. ಅಂತಿಂಥದಲ್ಲ. ಒಬ್ಬ ಚೆಲುವೆ, ಒಂದು ಒಂಟಿ ಬಂಗಲೆ, ನಂಬಬೇಕೋ ಬೇಡವೋ ತಿಳಿಯದ ಒಬ್ಬ ಗಂಡಸು, ನಡುವೆ ಒಂದು ಹೆಣ, ಕೊನೆಗೆ ಮದುವೆ. ರಕ್ತ ಸುರಿಯುವ ಕತ್ತಿಯ ಕೆಳಗೆ ಕಣ್ಣು ಮುಚ್ಚಿದ ಹೆಣ್ಣಿನ ಚಿತ್ರವಿರುತ್ತಿದ್ದ ಆ ಪುಸ್ತಕಗಳನ್ನು ನಮ್ಮ ಹೆಡ್‌ಮಾಸ್ತರರು ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡು ಓದುವುದನ್ನು ನಾನು ನೋಡಿದ್ದೇನೆ. ಬರೆದವರು ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳಿಸುತ್ತಿದ್ದಾರೆ ಎಂದು ಅವರಿಗೆ ತಿಳಿದಿದ್ದರೆ ಎದೆ ಒಡೆದು ಸಾಯುತ್ತಿದ್ದರು.

ಅಕ್ಕೋರಿಗೆ ಈ ಕೆಲಸದಲ್ಲಿ ಒಂದು ವ್ರತವಿತ್ತು: ಕಥೆ ಸುಳ್ಳಾದರೂ ಆದೀತು, ಜಾಗ ಸುಳ್ಳಾಗಬಾರದು.

"ಊರು ನೋಡದೆ ಹೆಣ ಬೀಳ್ಸಲಾಗ ತಂಗಿ," ಎನ್ನುತ್ತಿದ್ದರು. "ಮೊದಲು ಬಾಗಿಲು, ಆಮೇಲೆ ಪ್ರೇಮ. ಕದ ಎತ್ಲಾಗಿ ತೆಗೀತು ಹೇಳಿ ಗೊತ್ತಿಲ್ಲದ್ದವ ಹುಡುಗಿನ ಹ್ಯಾಂಗೆ ಓಡಿಸ್ಕ್ಯಂಡು ಹೋಗ್ತ?"

ಹಾಗಾಗಿ ರಜೆ ಬಂತೆಂದರೆ ನಮ್ಮ ಸವಾರಿ ಹೊರಡುತ್ತಿತ್ತು. ಒಂಟಿ ಹೆಂಗಸು ಊರೂರು ಸುತ್ತಿದರೆ ಜನ ಬಾಯಿಗೆ ಬಂದಂತೆ ಆಡುತ್ತಾರೆ, ಇಬ್ಬರು ಹೆಂಗಸರು ಹೊರಟರೆ ದೇವರಿಗೆ ಎಂದುಕೊಳ್ಳುತ್ತಾರೆ. ಆ ಕಾರಣಕ್ಕೆ ನಾನು ಬೇಕಿತ್ತು. ಅಳತೆಗೆ ಅವರ ಹತ್ತಿರ ಕೊಡೆಯಿತ್ತು. ಕಿಟಕಿ ಎಷ್ಟು ಕೊಡೆ ಎತ್ತರ, ಬಾವಿ ಎಷ್ಟು ಕೊಡೆ ಅಗಲ, ಎಲ್ಲ ಅದರಲ್ಲೇ.

ಒಮ್ಮೆ ಭೈರುಂಬೆಯ ಕಡೆ ಹೋಗಿ ಶಾಲ್ಮಲೆಯ ದಂಡೆಯಲ್ಲಿ ನಿಂತಿದ್ದೆವು. ಲಿಂಗ ಕೆತ್ತಿದ ಬಂಡೆಗಳ ನಡುವೆ ನೀರು ಹರಿಯುವ ಸದ್ದು. ನನಗೆ ಕೈ ಮುಗಿಯುವ ಮನಸ್ಸು, ಅವರಿಗೆ ನನ್ನನ್ನು ಆಚೆ ದಂಡೆಗೆ ದಾಟಿಸುವ ಅವಸರ. ದಾಟಿದೆ. "ಕೂಗು" ಎಂದು ಈಚೆಯಿಂದ ಕೈ ಮಾಡಿದರು. ಏನು ಕೂಗಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು. ನಾನೂ ಆಗ ಎಳೆಯವಳು, ಲಜ್ಜೆ ಬಿಟ್ಟು "ಅಯ್ಯೋ, ಕೊಲೆ!" ಎಂದು ಕೂಗಿಯೇ ಬಿಟ್ಟೆ. ಎಮ್ಮೆ ಕಾಯುತ್ತಿದ್ದವನೊಬ್ಬ ಕತ್ತಿ ಹಿಡಿದು ಓಡಿ ಬಂದ.

"ಎಂತ ಆತು ಅಮ್ಮಾ? ಯಾರು? ಎಲ್ಲಿ?"

"ಎಂತ ಇಲ್ಲೆ," ಎಂದರು ಅಕ್ಕೋರು, ಮುಖದ ಒಂದು ಗೆರೆಯೂ ಅಲ್ಲಾಡದೆ. "ನಿಂಗೆ ಅದು ಹ್ಯಾಂಗೆ ಕೇಳ್ಸಿತು? ಶಬ್ದ ತಿಳೀತಾ, ಬರೀ ಕೂಗು ಕೇಳ್ತಾ?"

ಅವನು ಯೋಚಿಸಿ, "ಕೂಗು ಕೇಳ್ತು, ಶಬ್ದ ತಿಳೀಲಿಲ್ಲೆ" ಎಂದ. ಹೋಗುವಾಗ ನಮ್ಮ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ಮುಂದಿನ ಕಾದಂಬರಿಯಲ್ಲಿ ನಾಯಕಿ ಹೊಳೆಯಾಚೆಯಿಂದ ಕೂಗಿದ್ದು ನಾಯಕನಿಗೆ ಹಾಡಿನಂತೆ ಕೇಳಿಸಿ ಅವನು ತಡಮಾಡಿಬಿಟ್ಟ.

ಜಾಗದ ಜೊತೆಗೆ ಅವರಿಗೆ ಇನ್ನೊಂದು ಹಸಿವಿತ್ತು, ಪದ್ಧತಿಗಳದ್ದು. ಗಂಡ ಹೆಂಡಿರ ನಡುವಿನ ಪ್ರತಿಯೊಂದು ಶಾಸ್ತ್ರಕ್ಕೂ ಮೂಲ ಬೇಕು. ಹೆಂಡತಿ ಗಂಡನ ಹೆಸರು ಏಕೆ ಹೇಳಬಾರದು? ನೀರಿನ ಕೊಡದಲ್ಲಿ ಉಂಗುರ ಹಾಕಿ ಏಕೆ ಹುಡುಕಿಸುತ್ತಾರೆ? ಕಿರುಬೆರಳನ್ನೇ ಏಕೆ ಹಿಡಿಯಬೇಕು? ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದರು: ಯಾರು ಏನು ಹೇಳಿದರೂ ಎಲ್ಲಿಂದ ಬಂತು ಎಂದು ಕೇಳಿ, ಮೂಲ ತಿಳಿಯದೆ ನಂಬಬೇಡಿ. ಪ್ರೀತಿಯಿಂದ ಹುಟ್ಟಿದ ಪದ್ಧತಿ ಒಂದೂ ಇಲ್ಲ, ಎಲ್ಲದರ ಬುಡದಲ್ಲಿರುವುದು ಹೆದರಿಕೆ ಎಂದು ಅವರ ವಾದ. ಹೆಸರು ಹೇಳದಿರುವುದು ಯಮನ ಕಿವಿಗೆ ಬೀಳದಿರಲೆಂದು, ಸೆರಗಿಗೆ ಗಂಟು ಹಾಕುವುದು ಕಾಡುದಾರಿಯಲ್ಲಿ ಹುಡುಗಿ ತಪ್ಪಿಸಿಕೊಂಡು ಓಡದಿರಲೆಂದು.

ಸಿದ್ದಾಪುರ ತಾಲೂಕಿನ ಹೇರೂರಿನಲ್ಲಿ ಒಂದು ಮದುವೆಗೆ ಹೋದಾಗ ಈ ಗಂಟಿನ ವಿಷಯವನ್ನು ಅಡುಗೆಮನೆಯಲ್ಲಿ ಒಬ್ಬ ಅಜ್ಜಿಯ ಹತ್ತಿರ ಎತ್ತಿದರು. ಅಜ್ಜಿ ಹಲಸಿನ ಹಪ್ಪಳ ಕರಿಯುತ್ತಿದ್ದಳು.

"ಎಂತಕ್ಕೆ ಹೇಳಿ ಯಾರು ಕೇಳಿದ್ದ ಮಾರಾಯ್ತಿ? ಹಿಂದಿನವು ಮಾಡಿದ್ದ, ನಾವೂ ಮಾಡ್ತ್ಯ."

"ಹುಡುಗಿ ಓಡಿಹೋಗ್ಲಾಗ ಹೇಳಿ ಇಕ್ಕು, ಅಲ್ದಾ?"

ಅಜ್ಜಿ ಹಪ್ಪಳವನ್ನು ಎಣ್ಣೆಯಿಂದ ತೆಗೆದು ಬದಿಗಿಟ್ಟು ನಕ್ಕಳು. "ಹುಡುಗಿ ಎಲ್ಲಿಗೆ ಓಡ್ತು? ಅದಕ್ಕೆ ಯಾವ ದಾರಿ ಗೊತ್ತಿದ್ದು? ಗಂಟು ಗಂಡಿಗೆ. ಅವ ಬಿಟ್ಟಿಕ್ಕಿ ಹೋಗ್ಲಾಗ ಹೇಳಿ."

ಅಕ್ಕೋರು ಮದುವೆಯ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಆ ಸಂಜೆ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಶಿರಸಿಯ ಬಸ್ಸಿಗೆ ಕಾಯುತ್ತ ಕುಳಿತಾಗ, ನಾನು ಕೇಳದಿದ್ದರೂ ಹೇಳಿದರು.

ಮದುವೆಯಾಗಿ ಮೊದಲ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅವರ ಗಂಡ ಯಲ್ಲಾಪುರಕ್ಕೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ. ಘಟ್ಟ ಇಳಿಯುವ ಮೊದಲು ಬಸ್ಸು ನೀರಿಗೆ ನಿಲ್ಲುವಲ್ಲಿ ಇಳಿದದ್ದನ್ನು ಯಾರೋ ನೋಡಿದ್ದರಂತೆ, ಅಷ್ಟೇ. ಹೊಡೆದಾಟವಿಲ್ಲ, ಜಗಳವಿಲ್ಲ. ಹನ್ನೆರಡು ವರ್ಷ ಕಾದ ಮೇಲೆ ಗಂಡನ ಮನೆಯವರು, ಕಾಣೆಯಾದವರಿಗೆ ಮಾಡುವಂತೆ, ಮುತ್ತುಗದ ಎಲೆಯಲ್ಲಿ ಮನುಷ್ಯನ ಆಕಾರ ಕಟ್ಟಿ ಸುಟ್ಟರು. ಎಲೆ ಸುಟ್ಟ ಬೂದಿ ಆರುವ ಮೊದಲೇ ಇವರ ಬಳೆ ಒಡೆದರು. ತಲೆ ಬೋಳಿಸುವ ಮಾತು ಬಂದಾಗ ಅಕ್ಕೋರು ಧಾರವಾಡದ ಶಿಕ್ಷಕಿಯರ ಟ್ರೇನಿಂಗಿಗೆ ಅರ್ಜಿ ಹಾಕಿ ಮನೆ ಬಿಟ್ಟರು.

"ಆನು ಸತ್ತವನ ಹೆಂಡತಿ ಅಲ್ಲ, ತಂಗಿ. ಎಲೆ ಗೊಂಬೆಯ ಹೆಂಡತಿ," ಎಂದರು. ಬಸ್ಸು ಬಂತು. ಹತ್ತಿ ಕೂತ ಮೇಲೆ ಕಿಟಕಿ ಎಷ್ಟು ತೆರೆಯುತ್ತದೆ ಎಂದು ನೋಡಿದರು.

ಪ್ರತಿ ಊರಿನಲ್ಲೂ, ಬಾಗಿಲು ಬಾವಿಗಳ ವಿಚಾರಣೆ ಮುಗಿದ ಮೇಲೆ, ಅವರು ಕೊನೆಯ ಪ್ರಶ್ನೆ ಒಂದನ್ನು ಕೇಳುತ್ತಿದ್ದರು: ಹಿಂದೆ ಇಲ್ಲಿಗೆ ಪರವೂರಿನ ಗಂಡಸು ಯಾರಾದರೂ ಬಂದು ಉಳಿದದ್ದುಂಟೋ? ಅದೂ ಕಥೆಗೆ ಬೇಕಾದದ್ದೇ ಎಂದು ನಾನು ತಿಳಿದಿದ್ದೆ. ಆ ಸಂಜೆಯ ಮೇಲೆ ಆ ಪ್ರಶ್ನೆ ಬಂದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಯಲ್ಲಾಪುರದ ಆಚೆ, ಘಟ್ಟದ ತಲೆಯಲ್ಲಿ, ಸರಕಾರದ ಹಳೆಯ ಬಂಗಲೆಯೊಂದಿತ್ತು. ಕರಾವಳಿಗೆ ಇಳಿಯುವ ಬಸ್ಸುಗಳು ಅದರ ಮುಂದೆ ನಿಂತು ಎಂಜಿನ್ನಿಗೆ ನೀರು ಕುಡಿಸುತ್ತಿದ್ದವು. ಗಂಡ ಇಳಿದ ಜಾಗವೇ ಅದು. ಅಕ್ಕೋರು ಅಷ್ಟು ವರ್ಷ ಅದೊಂದನ್ನು ಬಿಟ್ಟು ಮಿಕ್ಕ ಬಂಗಲೆಗಳಲ್ಲೆಲ್ಲ ಕೊಲೆ ಮಾಡಿಸಿದ್ದರು. ಒಂದು ಬೇಸಿಗೆಯಲ್ಲಿ ಅದೇನು ಮನಸ್ಸು ಗಟ್ಟಿ ಮಾಡಿಕೊಂಡರೋ, ಅಲ್ಲಿಗೂ ಹೊರಟರು. ಬಂಗಲೆಯ ಅಂಗಳದ ಅಂಚಿನಲ್ಲಿ ಸುರಗಿ ಮರ, ಕೊಂಬೆಗಳು ಕೈಗೆ ಎಟುಕುವಷ್ಟು ಬಾಗಿದ್ದವು. ಹೂವಿನ ಕಾಲ ಮುಗಿದು, ಒಣಗಿದ ಸುರಗಿ ನೆಲದಲ್ಲಿ ಬಿದ್ದು ವಾಸನೆ ಬೀರುತ್ತಿತ್ತು.

ಬಂಗಲೆಯ ಕಾವಲಿನವನು ಕರಾವಳಿ ಕಡೆಯವನು. "ಈ ಮರಕ್ಕೆ ಏನಾದರೂ ಪದ್ಧತಿ ಉಂಟೋ, ಹರಕೆ, ಗಿರಕೆ?" ಎಂದು ಅಕ್ಕೋರು ಕೇಳಿದರು.

"ಮರದಲ್ಲಿ ಎಂತ ಉಂಟು ಬಾಯೋರೆ? ಕೆಂಪಿರುವೆ ಉಂಟು," ಎಂದ ಅವನು.

ಊರಿನ ಪದ್ಧತಿ ಒಂದಾದರೂ ಇರಲಿ, ಓದುವವರಿಗೆ ರುಚಿ ಎಂದು ಪ್ರಕಾಶಕ ಕೇಳಿದ್ದ. "ಇಲ್ದೇ ಹೋದ್ರೆ ನಾವೇ ಹುಟ್ಸವು," ಎಂದರು ಅಕ್ಕೋರು. ಹುಟ್ಟಿಸಿದರು. ಕಾದಂಬರಿಯಲ್ಲಿ ನಾಯಕ ಘಟ್ಟ ಇಳಿದು ಹೋಗುವಾಗ ನಾಯಕಿ ತನ್ನ ಕೈಯಿಂದ ಒಂದು ಹಸಿರು ಬಳೆ ತೆಗೆದು ಸುರಗಿಯ ಟೊಂಗೆಗೆ ಏರಿಸುತ್ತಾಳೆ. ಬಳೆ ಮರದಲ್ಲಿ ಇರುವ ತನಕ ಹೋದವನು ಬದುಕಿದ್ದಾನೆ, ಬಂದೇ ಬರುತ್ತಾನೆ. ಒಡೆದರೆ ಕಾಯುವವಳಿಗೆ ಬಿಡುಗಡೆ. ಇಷ್ಟೇ. ಸುಳ್ಳಿನ ಸುತ್ತ ಇಟ್ಟದ್ದೆಲ್ಲ ನಿಜ: ಬಸ್ಸು ನಿಲ್ಲುವ ತಿರುವು, ಬಂಗಲೆಯ ನೀಲಿ ಬಾಗಿಲು, ಒಳಕ್ಕೆ ತೆರೆಯುವ ಕದ, ಮರದ ಬಾಗು. ಓದಿದವರು ಬಸ್ಸಿನ ಕಿಟಕಿಯಿಂದಲೇ ಬೆರಳು ಮಾಡಿ ತೋರಿಸಬಹುದಾಗಿತ್ತು.

ತೋರಿಸಿದರು ಕೂಡ. ಎರಡು ವರ್ಷದ ಮೇಲೆ ಯಲ್ಲಾಪುರದ ಸುತ್ತುದಾರಿ ಹಿಡಿದು ಗೋಕರ್ಣಕ್ಕೆ ಹೊರಟಾಗ ಬಸ್ಸು ಅಲ್ಲಿ ನಿಂತಿತು. ಸುರಗಿಯ ಟೊಂಗೆ ಟೊಂಗೆಗೂ ಹಸಿರು ಗಾಜು ಮಿಣುಗುತ್ತಿತ್ತು. ಹೊಸದಾಗಿ ಮದುವೆಯಾದವಳೊಬ್ಬಳು ಬಸ್ಸಿನಿಂದ ಇಳಿದು, ಹಿಂದೆ ಮುಂದೆ ನೋಡಿ, ಬಳೆಯೊಂದನ್ನು ಏರಿಸಿ ಬಂದಳು. ಅಕ್ಕೋರು ಬಸ್ಸಿನಿಂದ ಇಳಿದರು, ನಾನೂ ಇಳಿದೆ. ಅದೇ ಕಾವಲಿನವನು ನೀರಿನ ಬಕೆಟ್ಟು ಹಿಡಿದು ನಿಂತಿದ್ದ.

"ಇದು ಎಂತಪ್ಪ?"

"ನಿಮಗೆ ಗೊತ್ತಿಲ್ವ ಬಾಯೋರೆ? ಹೋದವರು ಬರಲಿಕ್ಕೆ ಬಳೆ ಕಟ್ಟುವುದು. ನನ್ನ ಅಜ್ಜಿಯ ಕಾಲದಿಂದ ಉಂಟು."

ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ನಂಬಿದ್ದ. ಮುಂದೆ ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಆ ದಿನ ನಾನಾದರೋ ಗೋಕರ್ಣ ಮುಟ್ಟುವ ತನಕ ನಗುತ್ತಿದ್ದೆ, "ಅಕ್ಕೋರೆ, ಇನ್ನು ನೀವು ಋಷಿ" ಎಂದು ಚೇಷ್ಟೆ ಮಾಡುತ್ತಿದ್ದೆ. ಅವರು ನಗಲಿಲ್ಲ.

ನೀಲವ್ವನ ಸಂಗತಿ ಶುರುವಾದದ್ದು ಆಮೇಲೆ. ಅವಳು ನಮ್ಮ ಶಾಲೆಯಲ್ಲೇ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ. ಬನವಾಸಿ ಕಡೆಯ ಮನೆತನ, ಅಪ್ಪ ಶಿರಸಿಯಲ್ಲಿ ಕಾಳುಕಡಿ ಅಂಗಡಿ ಇಟ್ಟಿದ್ದ. ದುಂಡು ಮುಖ, ಗಟ್ಟಿ ದನಿ, ಎದುರುತ್ತರಕ್ಕೆ ಹೆದರದವಳು. ಅಕ್ಕೋರಿಗೆ ಅವಳೆಂದರೆ ಒಂದು ಕೈ ಮಿಗಿಲು. ಸೋದರಮಾವನ ಮಗನಿಗೆ ಅವಳನ್ನು ಕೊಡುವುದೆಂದು ಎಲೆ ಅಡಿಕೆ ಬದಲಾಯಿಸಿದ್ದರು. ಅವನು ಕೆಲಸ ಹುಡುಕಿಕೊಂಡು ಮುಂಬೈಗೆ ಹೋದ, ಒಂದೆರಡು ಸಲ ಹೇಳಿಕಳಿಸಿದ, ಆಮೇಲೆ ಸುದ್ದಿಯಿಲ್ಲ. ಹೋಗಿ ಹುಡುಕಿ ಬಂದವರಿಗೂ ಸಿಗಲಿಲ್ಲ. ವರ್ಷಗಳು ಕಳೆದವು. ಹಾವೇರಿ ಕಡೆಯಿಂದ ಒಳ್ಳೆಯ ಸಂಬಂಧ ಬಂತು, ಮಳೆಗಾಲ ಮುಗಿಯುವವರೆಗೆ ಕಾಯುತ್ತೇವೆ ಎಂದರು. ನೀಲವ್ವ ಒಲ್ಲೆ ಎಂದಳು. ಅವಳ ಬಳೆ ಸುರಗಿ ಮರದಲ್ಲಿತ್ತು.

ಅವಳ ಅಪ್ಪ ಶಾಲೆಗೇ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಅಕ್ಕೋರ, ನೀವರ ಒಂದ್ ಮಾತ್ ಹೇಳ್ರಿ. ನಿಮ್ಮ ಮಾತಂದ್ರ ಆಕಿಗೆ ವೇದ. ಯಾಂವೋ ಹಾಳಾದಾಂವ ಒಂದ್ ಪುಸ್ತಕದಾಗ ಬರದಾನಂತ್ರಿ, ಮರಕ್ಕ ಬಳಿ ಹಾಕಿದ್ರ ಗಂಡ ಬರ್ತಾನಂತ. ನನ್ನ ಮಗಳ ಬಾಳೇವು ಹಾಳಾತು. ಅವನ ಕೈ ಮುರದು ಬೀಳ್ಲಿ!"

ಅಕ್ಕೋರ ಕೈಯಲ್ಲಿ ಸೀಮೆಸುಣ್ಣವಿತ್ತು. ಅದನ್ನು ಮೇಜಿನ ಮೇಲೆ ಇಟ್ಟು, "ಇವತ್ತೇ ಬರ್ತೇನೆ" ಎಂದರು.

ಅಂಗಡಿಯ ಹಿಂದೆಯೇ ಮನೆ. ಜೋಳದ ಚೀಲಗಳ ನಡುವೆ ನಾವು ಕೂತೆವು. ಅಕ್ಕೋರು ಸುತ್ತಿ ಬಳಸಲಿಲ್ಲ. ಆ ದಿನ ಬಾಗಿಲನ್ನೂ ನೋಡಲಿಲ್ಲ. "ನೀಲಾ, ಆ ಪುಸ್ತಕ ಬರೆದವಳು ನಾನು. ಆ ಪದ್ಧತಿ ಯಾವ ಕಾಲದಲ್ಲೂ ಇರಲಿಲ್ಲ. ನಾನು ಹುಟ್ಟಿಸಿದ್ದು. ಸುಳ್ಳು. ಬಳೆಗೂ ಅವನಿಗೂ ಸಂಬಂಧ ಇಲ್ಲ," ಎಂದರು.

ಅಪ್ಪ ತಲೆ ಅಲ್ಲಾಡಿಸಿದ. ಹೆಂಗಸರು ಅಂಥದ್ದನ್ನು ಬರೆಯುವುದುಂಟೆ? ಮಗಳ ಸಲುವಾಗಿ ಅಕ್ಕೋರು ಇಂಥ ಕೆಟ್ಟ ಹೆಸರನ್ನೂ ಮೈಮೇಲೆ ಹಾಕಿಕೊಂಡರಲ್ಲ ಎಂದು ಅವನ ಕಣ್ಣು ತುಂಬಿತು. ಆಮೇಲೆ ಅವನು ಅದನ್ನೇ ಪೇಟೆಯಲ್ಲೆಲ್ಲ ಹೇಳಿ ಹೊಗಳಿದ. ಹದಿನಾರು ವರ್ಷ ಮುಚ್ಚಿಟ್ಟ ಗುಟ್ಟನ್ನು ಅಕ್ಕೋರು ತಾವಾಗಿ ಬಿಚ್ಚಿದರೂ ಊರಿನಲ್ಲಿ ಒಬ್ಬರೂ ನಂಬಲಿಲ್ಲ.

ನೀಲವ್ವ ಮಾತ್ರ ನಂಬಿದಳು.

"ಸುಳ್ಳಿದ್ದೀತ್ರಿ. ಆದ್ರ ಅದು ನಿಮ್ಮ ತಲ್ಯಾಗ ಎಲ್ಲಿಂದ ಬಂತ್ರಿ? ನೀವ ಕಲಿಸೀರಿ ನಮಗ, ಏನ್ ಕೇಳಿದ್ರೂ ಮೂಲ ಕೇಳ್ಬೇಕು ಅಂತ."

ಇಡೀ ಆಯುಷ್ಯ ಅಕ್ಕೋರು ಕಂಡವರನ್ನೆಲ್ಲ ಕಾಡಿದ ಪ್ರಶ್ನೆ ಅವರ ಮುಂದೆಯೇ ಬಂದು ಕೂತಿತ್ತು. ಸುಳ್ಳು ಹೇಳಿ ಪಾರಾಗಬಹುದಿತ್ತು, ಅದು ಅವರ ಕಸುಬೇ ಆಗಿತ್ತಲ್ಲ. ಹೇಳಲಿಲ್ಲ. ಉತ್ತರ ಸಿಗದೆ ನೀಲವ್ವ ಎದ್ದು ನಮಗೆ ಚಹಾ ತಂದಳು.

ಮನೆಗೆ ಬರುವ ದಾರಿಯಲ್ಲಿ ಆ ಉತ್ತರವನ್ನು ಅಕ್ಕೋರು ನನಗೆ ಹೇಳಿದರು. ಎಲೆ ಗೊಂಬೆ ಸುಟ್ಟ ದಿನ, ಬಳೆ ಒಡೆಯಲು ಹೆಂಗಸರು ಬಾವಿಕಟ್ಟೆಗೆ ಕರೆದುಕೊಂಡು ಹೋಗುವ ಮೊದಲು, ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೇಳಿ ಅವರು ಒಂದು ಬಳೆ ಜಾರಿಸಿಕೊಂಡಿದ್ದರು. ಅಡಗಿಸಿಡಲು ಜಾಗ ಕಾಣದೆ ಬಚ್ಚಲ ಹಿಂದಿನ ಸುರಗಿ ಗಿಡದ ಟೊಂಗೆಗೆ ಏರಿಸಿದರು. ಅವನು ಬಂದರೆ ತೋರಿಸಲು ಒಂದಾದರೂ ಇರಲಿ ಎಂದು. ಧಾರವಾಡಕ್ಕೆ ಹೊರಟ ದಿನವೂ ಅದು ಅಲ್ಲೇ ಇತ್ತಂತೆ.

"ಮೂಲ ಹುಡುಕ್ತಾ ಹುಡುಕ್ತಾ ಆನೇ ಸಿಕ್ಕಿದೆ, ತಂಗಿ," ಎಂದರು.

ಮರುದಿನ ಭಾನುವಾರ. ಮೊದಲ ಬಸ್ಸಿಗೇ ಹೊರಟು ಬಂಗಲೆಯ ಮುಂದೆ ಇಳಿದೆವು. ಬಸ್ಸು ನೀರು ಕುಡಿದು ಘಟ್ಟ ಇಳಿಯಿತು. ಕಾವಲಿನವನು ಗಂಜಿ ಉಣ್ಣಲು ಹೋಗಿದ್ದ. ಒಡೆದರೆ ಬಿಡುಗಡೆ ಎಂದು ಬರೆದವರು ಅಕ್ಕೋರೇ, ಹಾಗಾದರೆ ಒಡೆದು ಬಿಡಿಸುವುದೂ ತನ್ನದೇ ಕೆಲಸ ಎಂದು ಅವರ ಲೆಕ್ಕ. ಮಾತಿನಿಂದ ಆಗದ್ದು ಗಾಜಿನಿಂದ ಆದೀತು. ಆದರೆ ಮರದ ಕೆಳಗೆ ಹೋಗಿ ನಿಂತವರು ಹಾಗೆಯೇ ನಿಂತುಬಿಟ್ಟರು.

ನೀಲವ್ವನ ಬಳೆ ಯಾವುದು? ಎಲ್ಲವೂ ಹಸಿರು, ಎಲ್ಲವೂ ಒಂದೇ ಅಳತೆ, ಒಂದೇ ಪೇಟೆಯ ಗಾಜು. ಕೆಲವು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದವು, ಕೆಲವು ನಿನ್ನೆ ಹಾಕಿದಂತೆ ಹೊಳೆಯುತ್ತಿದ್ದವು. ಒಬ್ಬಳನ್ನು ಬಿಡಿಸಬೇಕಾದರೆ ಎಲ್ಲರದನ್ನೂ ಒಡೆಯಬೇಕು.

"ಬೇಡ ಅಕ್ಕೋರೆ, ಹೋಗನ," ಎಂದೆ.

"ಅವತ್ತು ನನ್ನ ಬಳೆ ಒಡೆಯಕಾದ್ರೆ ಕೈ ಹಿಡ್ಕಂಡದ್ದು ಅತ್ತೆ," ಎಂದರು, ಮರವನ್ನೇ ನೋಡುತ್ತ. "ಕಲ್ಲು ಹಿಡಿದದ್ದು ನಮ್ಮ ಆಯಿ. ಹೆತ್ತ ಆಯಿ. ಸಾಯೋ ತನಕ ಅದರ ಹತ್ರ ಮಾತಾಡ್ಲಿಲ್ಲೆ ಆನು. ಆಯಿಯೂ ನನ್ನ ಬಿಡಿಸ್ತಾ ಇದ್ದೆ ಹೇಳೇ ತಿಳ್ಕಂಡಿತ್ತು ಕಾಣ್ತು."

ಆಮೇಲೆ ಕೊಡೆ ಎತ್ತಿದರು. ಕಿಟಕಿ ಬಾವಿ ಅಳೆದ ಅದೇ ಕೊಡೆ. ಮೊದಲ ಪೆಟ್ಟಿಗೆ ಒಂದು ಒಡೆಯಿತು. ಅವರು ಕಣ್ಣು ಮುಚ್ಚಿಕೊಂಡು ಹೊಡೆಯುತ್ತ ಹೋದರು. ಚೂರುಗಳು ಅವರ ತಲೆಯ ಮೇಲೆ, ಹೆಗಲ ಮೇಲೆ ಉದುರಿದವು. ಕೈಗೆ ಎಟುಕದವನ್ನು ಕಲ್ಲು ಬೀರಿ ಒಡೆದರು. ಬರಿಯ ಮಣಿಕಟ್ಟಿಗೆ ಗಾಜು ಕೊಯ್ದು ರಕ್ತ ಬಂತು. ನಾನು ದೂರ ನಿಂತು ಅಳುತ್ತಿದ್ದೆ. ಯಾರ ಸಲುವಾಗಿ ಎಂದು ಈಗಲೂ ಹೇಳಲಾರೆ. ಕೊನೆಗೆ ಅವರು ಸೆರಗಿನಿಂದ ಕೈ ಕಟ್ಟಿಕೊಂಡು ರಸ್ತೆಯ ಬದಿಗೆ ಬಂದು, ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ಕೂತರು.

ಸುದ್ದಿ ನಮಗಿಂತ ಮುಂಚೆಯೇ ಶಿರಸಿಗೆ ಬಂದಿತ್ತು. ಸುರಗಿ ಮರದ ಬಳೆಗಳನ್ನೆಲ್ಲ ಮಂಗಗಳು ಒಡೆದುಹಾಕಿವೆ! ನೀಲವ್ವನ ಅಪ್ಪ ಓಡೋಡಿ ಬಂದು ಅಕ್ಕೋರ ಕಾಲಿಗೇ ಬಿದ್ದ: ದೇವರು ಕಣ್ಣು ತೆರೆದ, ಇನ್ನು ಹುಡುಗಿ ಒಪ್ಪುತ್ತಾಳೆ ಎಂದು. ಅಕ್ಕೋರು ಕಟ್ಟಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಳ್ಳೆಯದಾಗಲಿ ಎಂದರು. ಅವರು ಚೆನ್ನಾಗಿ ಊಟ ಮಾಡಿದ್ದನ್ನು ಆ ವಾರ ನೋಡಿದೆ. ಮತ್ತೆ ನೋಡಲಿಲ್ಲ.

ನೀಲವ್ವ ಯಲ್ಲಾಪುರದ ಬಸ್ಸು ಹತ್ತಿ ಹೋಗಿ, ತನ್ನ ಕಣ್ಣಾರೆ ನೋಡಿ ಬಂದಳು. ಬಂದವಳು ಅಕ್ಕೋರನ್ನು ಕಾಣಲು ಮನೆಗೇ ಬಂದಳು. ಅವಳ ಎಡಗೈಯಲ್ಲಿ ಒಂದು ಬಳೆ ಕಡಿಮೆಯಿತ್ತು.

"ಮತ್ತ ಹಾಕಿ ಬಂದೆ ರೀ," ಎಂದಳು ಸಮಾಧಾನದಿಂದ. "ಮಂಗ್ಯಾ ಒಡದದ್ದು ಲೆಕ್ಕಕ್ಕ ಬರೂದಿಲ್ಲಂತ. ಬಂಗಲೆದಾಂವ ಹೇಳಿದ. ಮೊದಲ ಬಳಿ ಮರಕ್ಕ, ಎರಡನೇದು ಗಂಡಸಿಗೆ. ಮೊದಲಿಂದ ಹಂಗ ನಡ್ಕೋತ ಬಂದೈತಂತ."

ಒಡೆದವಳು ತಾನೇ ಎಂದು ಹೇಳಿದರೂ ಅದಕ್ಕೊಂದು ಶಾಸ್ತ್ರ ಹುಟ್ಟುತ್ತಿತ್ತು ಎಂದು ಅಕ್ಕೋರಿಗೆ ತಿಳಿದುಹೋಗಿತ್ತು. ಹಾವೇರಿಯವರು ಬೇರೆ ಹುಡುಗಿಯನ್ನು ನೋಡಿದರು. ನೀಲವ್ವ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ತಕ್ಕಡಿ ಹಿಡಿದಳು.

ಅಕ್ಕೋರು ಮತ್ತೆ ಬರೆಯಲಿಲ್ಲ. ಪ್ರಕಾಶಕನೇ ಹುಬ್ಬಳ್ಳಿಯಿಂದ ಒಮ್ಮೆ ಬಂದ, ಕಾಫಿ ಕುಡಿದು ಹೋದ. ನಾನು ಮದುವೆಯಾಗಿ ಹತ್ತಿರದ ಹುಲಗೋಳಕ್ಕೆ ಹೋದೆ, ಶಾಲೆಗೆ ಬಂದಾಗ ಮಾತ್ರ ಅವರನ್ನು ಕಾಣುತ್ತಿದ್ದೆ. ನನ್ನ ಮದುವೆಯಲ್ಲಿ ಸೆರಗಿಗೆ ಗಂಟು ಹಾಕುವಾಗ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಏಕೆ, ಎಲ್ಲಿಂದ ಎಂದು ಯಾರನ್ನೂ ಕೇಳಲಿಲ್ಲ. ನಮ್ಮ ಮನೆಯ ಬಾಗಿಲನ್ನೂ ಮುಟ್ಟಿ ನೋಡಲಿಲ್ಲ. ಅದರಿಂದ ನನಗೆ ಬಹಳ ನೋವಾಯಿತು. ನಿವೃತ್ತಿಯಾದ ಮೇಲೆ ಅವರ ಮನೆಯ ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಅವರು ಅದಕ್ಕೆ ಬೆನ್ನು ಹಾಕಿ ಕೂತಿರುತ್ತಿದ್ದರು.

ಹೋದ ತಿಂಗಳು ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಓಣಿಯ ಹೆಂಗಸರು ಅವರ ಮೈ ತೊಳೆಸಿ ಮಲಗಿಸಿದ್ದರು. ಹಳೆಯ ತಕರಾರು ಮತ್ತೆ ಎದ್ದಿತ್ತು. ಕುಂಕುಮ ಇಡಬೇಕೋ ಬೇಡವೋ? ಹೂವು? ಗಂಡನ ಕ್ರಿಯೆ ಎಂದೋ ಆಗಿದೆ, ವಿಧವೆಯೇ ಸರಿ ಎಂದಳು ಒಬ್ಬಳು. ಹೆಣ ನೋಡಿದವರು ಯಾರು ಎಂದಳು ಇನ್ನೊಬ್ಬಳು. ನನ್ನನ್ನು ಕೇಳಿದರು.

ಅಷ್ಟರಲ್ಲಿ ನೀಲವ್ವ ಬಂದಳು. ಕೂದಲಲ್ಲಿ ಬೆಳ್ಳಿ ಎಳೆ, ಸೀರೆಯಲ್ಲಿ ಜೋಳದ ಧೂಳು. ಮುಟ್ಟಬೇಡ ಎಂದು ಯಾರೋ ಅಂದದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕೋರ ಪಕ್ಕ ಕೂತು, ತನ್ನ ಕೈಯಿಂದ ಒಂದು ಹಸಿರು ಬಳೆ ತೆಗೆದು, ಆ ತಣ್ಣಗಿನ ಬರಿಗೈಗೆ ಏರಿಸತೊಡಗಿದಳು. ಬೆರಳು ಸೆಟೆದಿದ್ದವು, ಬಳೆ ಗೆಣ್ಣಿನ ಹತ್ತಿರ ನಿಂತಿತು.

"ವಿಧವೆಗೆ ಬಳೆ ಹಾಕ್ತ್ಯನೇ?" ಎಂದಳು ಓಣಿಯ ಹಿರಿಯಳು.

ನೀಲವ್ವ ತಲೆ ಎತ್ತಲಿಲ್ಲ.

"ಇವರ ಯಜಮಾನ್ರೂ ಇನ್ನೂ ಬಂದಿಲ್ಲಲ್ರಿ," ಎಂದಳು.

ನಾನು ಬಗ್ಗಿ ಅಕ್ಕೋರ ಬೆರಳುಗಳನ್ನು ಒತ್ತಿ ಕೂಡಿಸಿ ಹಿಡಿದೆ. ಬಳೆ ಒಳಗೆ ಹೋಯಿತು.